ಅಂಚಿಲ್ಲದ ಬಟ್ಟೆ

ನಮ್ಮ ಕೊಂಗುನಾಡಿನಲ್ಲಿ ಭೋಗಿಯ ಬೆಂಕಿ ಮದ್ರಾಸಿನವರಷ್ಟು ಜೋರಲ್ಲ. ಇಲ್ಲಿ ಆ ದಿನ ಕಾಪು ಕಟ್ಟುವುದೇ ದೊಡ್ಡದು. ಬೇವಿನ ಸೊಪ್ಪು, ಆವರಿಕೆ ಹೂ, ಬಿಳಿಯ ಪೂಳೈ ಹೂ, ಮೂರನ್ನೂ ಕಟ್ಟಿ ಸೂರಿಗೆ ಸಿಕ್ಕಿಸಿದರೆ ಪೊಂಗಲ್ ಮನೆಯೊಳಕ್ಕೆ ಬಂದ ಹಾಗೆ. ಬೆಂಕಿ ಬೇಕೇ ಬೇಕೆಂದು ಹಟ ಹಿಡಿದವರು ನನ್ನ ತಮ್ಮನ ಮಕ್ಕಳು. ಟೀವಿಯಲ್ಲಿ ನೋಡಿದ್ದರಂತೆ. ಇನ್ನೂ ಬೆಳಕು ಹರಿದಿರಲಿಲ್ಲ. ಉಡುಮಲೈಪೇಟೆಯ ಮನೆಯ ಹಿತ್ತಲಲ್ಲಿ, ಸ್ನಾನದ ನೀರಿನ ಹಂಡೆಯ ಪಕ್ಕದಲ್ಲೇ, ಅಟ್ಟದಿಂದ ಇಳಿಸಿದ ಹರಿದ ಚಾಪೆ, ಬೋಳು ಪೊರಕೆ, ಮುರಿದ ಮೊರ ಎಲ್ಲ ಗುಡ್ಡೆ ಬಿದ್ದಿದ್ದವು. ಗುಡ್ಡೆಯ ತುದಿಯಲ್ಲಿ ಒಂದು ನೀಲಿ ಜರ್ಕಿನ್.

"ಅತ್ತೆ, ಇದು ಯಾರದ್ದು? ಹಾಕ್ಬಿಡ್ಲಾ?" ಎಂದಳು ತಮ್ಮನ ಮಗಳು, ತೋಳು ಹಿಡಿದು ನೇತಾಡಿಸುತ್ತ.

ತಿಣ್ಣೆಯ ಮೇಲೆ ಕಾಫಿ ಹಿಡಿದು ಕೂತಿದ್ದ ತಮ್ಮ, "ಹಾಕು, ಹಾಕು. ಇಪ್ಪತ್ತು ವರ್ಷದಿಂದ ಇಲಿಗೆ ಹಾಸಿಗೆ ಅದು" ಅಂದ.

"ಹಾಕಿದ್ರೆ ನಿನ್ನನ್ನೂ ಹಾಕ್ತೀನಿ" ಅಂದೆ ನಾನು. ಹುಡುಗಿ ನಕ್ಕು ಕೂತಳು. ಚಳಿ ಇತ್ತು, ಹಂಡೆ ಕಾಯಲು ಇನ್ನೂ ಹೊತ್ತಿತ್ತು. ಹಾಗಾಗಿ ಹೇಳಿದೆ. ಅಲ್ಲಿ ಹೇಳಿದ್ದು ನಮ್ಮ ಮನೆಮಾತಿನಲ್ಲಿ, ಎಂದರೆ ಅರ್ಧ ತಮಿಳು ಬೆರೆತ ದೇವಾಂಗರ ಕನ್ನಡದಲ್ಲಿ. ಆ ಕನ್ನಡಕ್ಕೆ ನಮ್ಮ ಬೀದಿಯಲ್ಲಿ ಅಕ್ಷರವಿರಲಿಲ್ಲ, ಲೆಕ್ಕ ಪತ್ರವೆಲ್ಲ ತಮಿಳಿನಲ್ಲೇ. ನಾನು ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ, ನನ್ನ ಮಗನ ಒಂದನೇ ಕ್ಲಾಸಿನ ಪುಸ್ತಕದಲ್ಲಿ. ಇಲ್ಲಿ ಬರೆಯುವಾಗ ಸ್ವಲ್ಪ ತಿದ್ದಿ ಬರೆಯುತ್ತಿದ್ದೇನೆ.

ಅದು 1994ರ ಡಿಸೆಂಬರ್. ಆಗ ಉಡುಮಲೈ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ತಿರುಪ್ಪೂರು ಜಿಲ್ಲೆ ಆದದ್ದು 2009ರಲ್ಲಿ. ತಮ್ಮನಿಗೆ ಮೂನಾರಿನ ಒಂದು ಟೀ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಕೈಕೆಳಗೆ ಕೆಲಸ ಸಿಕ್ಕಿತ್ತು. ಪೊಂಗಲ್ ಮುಗಿಸಿ ಬಂದರೆ ಸಾಕು ಎಂದಿದ್ದರು. ನಮ್ಮೂರ ಬಸ್ ಸ್ಟ್ಯಾಂಡಿನಿಂದಲೇ ಬಸ್ಸು. ಅಮರಾವತಿ ಅಣೆಕಟ್ಟೆಗೆ ತಿರುಗುವ ದಾರಿ ಬಿಟ್ಟು ಮುಂದೆ ಹೋದರೆ ಕಾಡು, ಚಿನ್ನಾರಿನಲ್ಲಿ ಕೇರಳದ ಚೆಕ್‌ಪೋಸ್ಟ್, ಆಮೇಲೆ ಗಂಧದ ಮರದ ಮರಯೂರು, ಅಲ್ಲಿಂದ ಹತ್ತುತ್ತಾ ಹತ್ತುತ್ತಾ ಮೂನಾರು. ದೂರ ನೂರು ಕಿಲೋಮೀಟರೂ ಇಲ್ಲ. ಆದರೆ ಕೆಳಗೆ ಬನಿಯನ್ನಿನಲ್ಲಿ ಬಸ್ಸು ಹತ್ತಿದವನು ಮೇಲೆ ಇಳಿಯುವಾಗ ಹಲ್ಲು ಕಡಿಯುತ್ತಾನೆ. ಜನವರಿಯಲ್ಲಿ ಕೆಲವು ವರ್ಷ ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದ ಹಾಗೆ ಕಾಣುತ್ತದೆ. ಉಡುಮಲೈಯವರಿಗೆ ಗಾಳಿ ಗೊತ್ತು. ಪಾಲ್ಘಾಟಿನ ಕಣಿವೆಯಿಂದ ನುಗ್ಗುವ ಆಡಿ ತಿಂಗಳ ಗಾಳಿಗೆ ನಮ್ಮ ಹೆಂಚುಗಳೇ ಹಾರುತ್ತವೆ. ಚಳಿ ಮಾತ್ರ ನಮಗೆ ಗೊತ್ತಿಲ್ಲದ ವಿಷಯ. ಮನೆಯಲ್ಲಿ ಒಂದು ಸ್ವೆಟರ್ ಕೂಡ ಇರಲಿಲ್ಲ.

"ನಾನೇ ಒಂದು ಜಾಕೆಟ್ ಹೊಲಿದುಕೊಡ್ತೀನಿ" ಅಂದುಬಿಟ್ಟೆ. ಅಮ್ಮ ಅದನ್ನು ಕೊಳಾಯಿಯ ಹತ್ತಿರ ನಾಲ್ಕು ಜನರ ಮುಂದೆ ಹೇಳಿದಳು. ಇಡೀ ಬೀದಿ ಎರಡು ದಿನ ನಕ್ಕಿತು. ನಮ್ಮ ಕಡೆ ಜಾಕೆಟ್ ಅಂದರೆ ಸೀರೆಯ ರವಿಕೆ. ಇಪ್ಪತ್ತರ ಹುಡುಗನಿಗೆ ಅಕ್ಕ ರವಿಕೆ ಹೊಲಿಯುತ್ತಾಳಂತೆ! "ಹುಕ್ಕು ಮುಂದೋ ಹಿಂದೋ?" ಎಂದು ತಮ್ಮನನ್ನು ಗೆಳೆಯರು ಕೇಳಿ ಕೇಳಿ ಸಾಯಿಸಿದರು. ಅಂದಿನಿಂದ ಅದು ನಮ್ಮ ಮನೆಯಲ್ಲಿ ಜರ್ಕಿನ್.

ನಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನಾನು ನಿಜಕ್ಕೂ ರವಿಕೆ ಹೊಲಿಯುವವಳೇ. ನಮ್ಮದು ಕಾಲಲ್ಲಿ ತುಳಿಯುವ ಮೆಷಿನ್, ನೇರ ಹೊಲಿಗೆ ಒಂದೇ ಬರುವುದು. ಅದರಲ್ಲಿ ಟೂ ಬೈ ಟೂ ರುಬಿಯಾ ಬಟ್ಟೆಯ ರವಿಕೆ, ಲಂಗ, ದಿಂಬಿನ ಚೀಲ ಹೊಲಿದು ಕೈ ಪಳಗಿತ್ತು. ರುಬಿಯಾ ಹೇಳಿದ ಹಾಗೆ ಕೇಳುತ್ತದೆ. ಉಗುರಲ್ಲಿ ಗೀರಿದರೆ ಮಡಿಕೆ ನಿಲ್ಲುತ್ತದೆ, ಎಳೆದರೆ ನೇರವಾಗುತ್ತದೆ. ಬಟ್ಟೆ ಅಂದರೆ ಹೀಗೇ ಎಂದು ನಂಬಿದ್ದೆ.

ಬಂದ ಬಟ್ಟೆ ಬೇರೆಯದೇ ಜಾತಿ. ಚಿಕ್ಕಪ್ಪನ ಮಗ, ನನಗೆ ಅಣ್ಣ, ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರಿಗೆ ಸಹಾಯಕ. ರೋಲಿನ ತುದಿಯಲ್ಲಿ ಉಳಿದ ತುಂಡು ಎಂದು ಸುಮಾರು ಎರಡು ಕಿಲೋ ಕಡುನೀಲಿ ಫ್ಲೀಸ್ ತಂದುಕೊಟ್ಟ. ಕಿಲೋ ಅಂದದ್ದಕ್ಕೇ ಅಪ್ಪ ಮುಖ ಸಿಂಡರಿಸಿದರು. ಮೊಳದಲ್ಲಿ, ಗಜದಲ್ಲಿ ಬಟ್ಟೆ ಅಳೆದ ಮನೆ ನಮ್ಮದು. ಬದನೆಕಾಯಿಯ ಹಾಗೆ ತಕ್ಕಡಿಗೆ ಹಾಕಿದರೆ ಹೇಗಾಗಬೇಡ? ಅಣ್ಣ ಬಿಡಿಸಿ ಹೇಳಿದ: ಕಂಪನಿಯಲ್ಲಿ ದುಂಡನೆಯ ಕಟರ್‌ನಿಂದ ನೂರು ಚದರ ಸೆಂಟಿಮೀಟರಿನ ಬಿಲ್ಲೆ ಕತ್ತರಿಸುತ್ತಾರೆ. ಅದನ್ನು ತೂಗಿ ನೂರರಿಂದ ಗುಣಿಸಿದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಗೊತ್ತಾಗುತ್ತದೆ. ಇದರ ಬಿಲ್ಲೆ 2.8 ಗ್ರಾಂ, ಅಂದರೆ 280 ಜಿಎಸ್‌ಎಂ. ಇಟಲಿಗೆ ಹೋಗುವ ಮಾಲು ಅಂದ. ಆ ಕಾಲದಲ್ಲಿ ತಿರುಪ್ಪೂರಿನಲ್ಲಿ ಯಾರನ್ನು ಕೇಳಿದರೂ ಇಟಲಿಯ ಮಾತೇ. 1978ರಲ್ಲಿ ವೆರೋನಾ ಎಂಬ ಇಟಲಿಯ ವ್ಯಾಪಾರಿ ಬಿಳಿ ಟೀ ಶರ್ಟು ಹುಡುಕಿಕೊಂಡು ಮುಂಬೈಯ ದಾರಿಯಾಗಿ ತಿರುಪ್ಪೂರಿಗೆ ಬಂದಮೇಲೆ, ಒಳಬನಿಯನ್ ಮಾಡುತ್ತಿದ್ದ ಊರು ಹೊರಗಿನ ಉಡುಪಿಗೆ ಕೈ ಹಾಕಿತು ಎನ್ನುತ್ತಾರೆ. ನಮ್ಮ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತದ್ದಕ್ಕೂ ಆ ಊರಿಗೆ ಹೋಗುವ ಮುಂಜಾನೆಯ ಬಸ್ಸುಗಳು ತುಂಬಿದ್ದಕ್ಕೂ ಸಂಬಂಧವಿತ್ತು. ಅಪ್ಪನ ಮಗ್ಗ ಮಾತ್ರ ನಿಂತಿರಲಿಲ್ಲ.

ನಡುಮನೆಯಲ್ಲಿ ಗುಂಡಿಮಗ್ಗ. ಅಪ್ಪ ಅದರೊಳಗೆ ಕಾಲಿಳಿಸಿ ಕೂತರೆ ನಮಗೆ ಕಾಣುತ್ತಿದ್ದದ್ದು ಸೊಂಟದ ಮೇಲಿನ ಅಪ್ಪ ಮಾತ್ರ. ಕೂತಲ್ಲಿಂದಲೇ ಕೈ ಚಾಚಿ ಫ್ಲೀಸಿನ ತುದಿಯನ್ನು ಎಳೆದರು. ಅದು ಹಿಗ್ಗಿತು. ಬಿಟ್ಟರು, ಕುಗ್ಗಿತು. ಇನ್ನೊಂದು ದಿಕ್ಕಿಗೆ ಎಳೆದರು, ಇನ್ನಷ್ಟು ಹಿಗ್ಗಿತು. ಕನ್ನಡಕ ಏರಿಸಿ ತುದಿಯಿಂದ ಒಂದು ದಾರ ಹಿಡಿದು ಎಳೆದರು. ಸರಸರನೆ ಒಂದು ಸಾಲು ಬಿಚ್ಚಿಕೊಂಡಿತು.

"ಇದಕ್ಕೆ ಹಾಸು ಎಲ್ಲಿ, ಹೊಕ್ಕು ಎಲ್ಲಿ?"

"ಇಲ್ಲ ದೊಡ್ಡಪ್ಪ, ದಾರವನ್ನ ಕುಣಿಕೆ ಹಾಕ್ತಾ ಹಾಕ್ತಾ ದುಂಡಗೆ ಹೆಣೀತಾರೆ. ಆಮೇಲೆ ಒಂದು ಕಡೆ ಸೀಳಿ ಬಿಡಿಸ್ತಾರೆ."

"ಸೀಳಿದ್ರೆ ಅಂಚು?"

"ಅಂಚು ಇರಲ್ಲ."

ಅಪ್ಪ ಬಟ್ಟೆಯನ್ನು ಕೆಳಗಿಟ್ಟರು. "ಅಮ್ಮಣಿ, ಇದು ಬಲೆ. ಮೀನು ಹಿಡಿ" ಅಂದು ಲಾಳಿ ಎಸೆಯಲು ಶುರುಮಾಡಿದರು. ನಮ್ಮ ಕುಲದ ಕಥೆಯಲ್ಲಿ ದೇವಲ ಮುನಿ ವಿಷ್ಣುವಿನ ನಾಭಿಯ ತಾವರೆಯ ದಂಟಿನಿಂದ ನೂಲು ತಂದು ದೇವರಿಗೂ ಮನುಷ್ಯರಿಗೂ ಬಟ್ಟೆ ನೇಯ್ದ. ದಾರಿಯಲ್ಲಿ ಅಡ್ಡ ಬಂದ ರಾಕ್ಷಸರನ್ನು ಚೌಡೇಶ್ವರಿ ಕೊಂದಳು. ಅವರ ರಕ್ತದಿಂದಲೇ ನೂಲಿಗೆ ಬಣ್ಣ ಬಂತು. ಅಷ್ಟೆಲ್ಲ ಆದಮೇಲೆ ಅಂಚಿಲ್ಲದ ಬಟ್ಟೆಯನ್ನು ಮನೆಗೆ ತಂದರೆ ಅಪ್ಪನಿಗೆ ಕೋಪ ಬರದೆ ಏನು ಬರುತ್ತದೆ?

(ಎಷ್ಟೋ ವರ್ಷದ ಮೇಲೆ ಒಂದು ಪುಸ್ತಕದಲ್ಲಿ ಓದಿದೆ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಮೊದಲ ಯಂತ್ರ ಮಾಡಿದ. ಕೈಯಲ್ಲಿ ಹೆಣೆದು ಬದುಕುವ ಬಡವರ ಅನ್ನ ಹೋಗುತ್ತದೆ ಎಂದು ಎಲಿಜಬೆತ್ ರಾಣಿ ಅದಕ್ಕೆ ಪೇಟೆಂಟ್ ಕೊಡಲಿಲ್ಲವಂತೆ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಒಳ್ಳೇ ಹೆಂಗಸು" ಅಂದರು, ಅಷ್ಟೇ.)

ಮೊದಲ ದಿನ ಕತ್ತರಿಸಲು ಕೂತೆ. ತಮ್ಮನ ಹಳೆಯ ಶರ್ಟನ್ನು ಬಿಚ್ಚಿ ಮಾದರಿ ಮಾಡಿಕೊಂಡಿದ್ದೆ, ಸುತ್ತ ಎರಡೆರಡು ಇಂಚು ಹೆಚ್ಚು ಬಿಟ್ಟು. ನೆಲಕ್ಕೆ ಹಾಸಿದ ಬಟ್ಟೆ ನೆಲದಲ್ಲಿ ನಿಲ್ಲಲೊಲ್ಲದು. ಕೈ ಒತ್ತಿದ ಕಡೆ ಹರಡುತ್ತದೆ, ತೆಗೆದ ಕಡೆ ಸುರುಳುತ್ತದೆ. ಬೆನ್ನ ಭಾಗಕ್ಕೆಂದು ಇಪ್ಪತ್ತೆರಡು ಇಂಚು ಗುರುತು ಹಾಕಿ ಕತ್ತರಿಸಿ ಎತ್ತಿದರೆ ಇಪ್ಪತ್ತೂವರೆ. ನಾನು ಎಳೆದು ಹಿಡಿದು ಅಳೆದಿದ್ದೆ, ರುಬಿಯಾ ಅಳೆದ ಹಾಗೆ. ಒಳಮೈಯ ನಯವಾದ ಜುಂಗಿನ ಮೇಲೆ ಸೀಮೆಸುಣ್ಣ ಹತ್ತಲಿಲ್ಲ. ಸವೆದ ಸೋಪಿನ ಚಕ್ಕೆಯಿಂದ ಮೇಲ್ಮೈಗೆ ಗೀಟು ಎಳೆದೆ. ಗುಂಡುಸೂಜಿ ಚುಚ್ಚಿದ ಕಡೆಯೆಲ್ಲ ಬಟ್ಟೆ ಉಬ್ಬಿಕೊಂಡಿತು. ಕೊನೆಗೆ ಪಕ್ಕದ ಮಳಿಗೆಯಿಂದ ತೂಕದ ಬಟ್ಟುಗಳನ್ನು ಇಸಕೊಂಡು ಬಂದು ಮೂಲೆಮೂಲೆಗೆ ಇಟ್ಟೆ. ಕಿಲೋದಲ್ಲಿ ಬಂದ ಬಟ್ಟೆಗೆ ಕಿಲೋ ಬಟ್ಟೇ ಮದ್ದು.

ತೋಳುಗಳದು ಇನ್ನೊಂದು ಕಥೆ. ಬಟ್ಟೆ ಉಳಿಸುವ ಜಾಣತನದಲ್ಲಿ ಒಂದು ತೋಳನ್ನು ತಲೆಕೆಳಗು ಮಾಡಿ ಪಕ್ಕದ ಜಾಗದಲ್ಲಿ ಕೂರಿಸಿದ್ದೆ. ರವಿಕೆಯಲ್ಲಿ ದಿನಾ ಮಾಡುತ್ತಿದ್ದ ಕೆಲಸ. ಮಾರನೆ ದಿನ ಬಿಸಿಲಿಗೆ ಹಿಡಿದಾಗ ಎರಡು ತೋಳು ಎರಡು ನೀಲಿ. ಕುಣಿಕೆಗಳೆಲ್ಲ ಒಂದೇ ಕಡೆ ಮುಖ ಮಾಡಿರುತ್ತವೆ, ತಿರುಗಿಸಿದರೆ ಬೆಳಕು ಬೇರೆ ಬೀಳುತ್ತದೆ. ಅದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಾದ್ದು ಇನ್ನೂ ಎಷ್ಟೋ ಇತ್ತು.

"ಮನೆ ತುಂಬ ನೀಲಿ ಧೂಳು" ಎಂದ ತಮ್ಮ ತಿಣ್ಣೆಯಿಂದ. "ಇಡ್ಲಿಯಲ್ಲೂ ನೀಲಿ ಜುಂಗು ಇತ್ತು, ಹೇಳು."

ಇತ್ತು. ಕತ್ತರಿ ಆಡಿಸಿದ ಕಡೆಯಿಂದ ಆ ಜುಂಗು ಎದ್ದು ಮನೆಯೆಲ್ಲ ತೇಲುತ್ತಿತ್ತು. ಅಪ್ಪನ ಹಾಸಿನ ಮೇಲೂ ಹೋಗಿ ಕೂತಿತು. ಆ ವಾರ ಅವರು ಮಗ್ಗದಲ್ಲಿ ಬಿಳಿ ಧೋತ್ರ ಇಳಿಸುತ್ತಿದ್ದರು. ಪೊಂಗಲ್ಲಿಗೆ ಬಡವರಿಗೆ ಸೀರೆ ಧೋತ್ರ ಹಂಚುವ ಸರ್ಕಾರದ ಯೋಜನೆಗೆ ಸೊಸೈಟಿಯಿಂದ ಬಂದ ಕೆಲಸ. ಬಿಳಿ ಹಾಸಿನ ಮೇಲೆ ನೀಲಿ ಎಳೆ! ಅಪ್ಪ ಬೈಯಲಿಲ್ಲ. ಒಂದೊಂದಾಗಿ ಉಗುರಿನಿಂದ ಹೆಕ್ಕಿ ತೆಗೆಯುತ್ತ ಇಡೀ ಸಂಜೆ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಹೊಲಿಗೆ. ಭುಜದ ಹೊಲಿಗೆ ಹಾಕಿ ತಿರುಗಿಸಿ ನೋಡಿದರೆ ಮೇಲೆ ನಾಲ್ಕು ಹೊಲಿಗೆ, ಅಲ್ಲಿಂದ ಅರ್ಧ ಇಂಚು ಏನೂ ಇಲ್ಲ, ಮತ್ತೆ ಎರಡು ಹೊಲಿಗೆ. ಇಲಿ ತಿಂದ ಹಾಗೆ. ಟೆನ್ಶನ್ ಬಿಗಿ ಮಾಡಿದೆ, ಸಡಿಲ ಮಾಡಿದೆ. ಬಾಬಿನ್ ಕೇಸ್ ಬಿಚ್ಚಿದರೆ ಅದರೊಳಗೆ ನೀಲಿ ಹತ್ತಿಯ ಒಂದು ಪುಟ್ಟ ದಿಂಬೇ ಇತ್ತು. ಒರೆಸಿ ಎಣ್ಣೆ ಬಿಟ್ಟೆ. ಆದರೂ ಅದೇ. ಇದರ ಗುಟ್ಟು ಆಮೇಲೆ ತಿಳಿಯಿತು. ಸೂಜಿ ಕೆಳಗೆ ಹೋಗಿ ಮೇಲೇಳುವ ಕ್ಷಣದಲ್ಲಿ ದಾರ ಒಂದು ಚಿಕ್ಕ ಕುಣಿಕೆಯಾಗಿ ಉಬ್ಬಬೇಕು, ಆ ಕುಣಿಕೆಯನ್ನು ಕೆಳಗಿನ ಕೊಕ್ಕೆ ಹಿಡಿಯಬೇಕು. ಹೆಣೆದ ಬಟ್ಟೆ ಸೂಜಿಗೆ ಅಂಟಿಕೊಂಡು ಅದರ ಜೊತೆಗೇ ಮೇಲೆದ್ದರೆ ಕುಣಿಕೆ ಉಬ್ಬುವುದಿಲ್ಲ. ಕೊಕ್ಕೆ ಬರಿಗೈಯಲ್ಲಿ ತಿರುಗಿ ಹೋಗುತ್ತದೆ. ಹೊಲಿಗೆ ತಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದು ತೂತು. ನಮ್ಮ ಚೂಪು ಸೂಜಿ ನೇಯ್ದ ಬಟ್ಟೆಯಲ್ಲಿ ಎಳೆಗಳ ನಡುವೆ ದಾರಿ ಮಾಡಿಕೊಳ್ಳುತ್ತಿತ್ತು. ಇಲ್ಲಿ ಎಳೆಯನ್ನೇ ಕಡಿಯುತ್ತಿತ್ತು. ಒಂದು ಕುಣಿಕೆ ಕಡಿದರೆ ಕೆಳಗಿನದು ಜಾರುತ್ತದೆ, ಅದರ ಕೆಳಗಿನದೂ. ಎರಡು ದಿನದಲ್ಲಿ ಭುಜದಿಂದ ಎದೆಯವರೆಗೆ ಏಣಿ ಇಟ್ಟ ಹಾಗೆ ಒಂದು ಸೀಳು.

ಅಣ್ಣ ಮುಂದಿನ ವಾರ ಬರುವಾಗ ಕಂಪನಿಯ ಸೂಜಿ ತಂದ, ಮೊನೆ ದುಂಡಗಿರುವ ಬಾಲ್ ಪಾಯಿಂಟ್. ಅದು ಎಳೆಯನ್ನು ಕಡಿಯುವುದಿಲ್ಲ, ಪಕ್ಕಕ್ಕೆ ಸರಿಸಿ ಹೋಗುತ್ತದೆ. ಹಾಕಲು ಹೋದರೆ ಕೂರಲಿಲ್ಲ. ಕಂಪನಿ ಮೆಷಿನ್ ಸೂಜಿಯ ಬುಡ ಪೂರಾ ದುಂಡು. ಮನೆ ಮೆಷಿನ್ ಸೂಜಿಯ ಬುಡ ಒಂದು ಮಗ್ಗುಲು ಚಪ್ಪಟೆ. ನನ್ನ ಬುದ್ಧಿಗೆ ಏನು ಹೇಳಲಿ, ನಮ್ಮ ಸೂಜಿಯ ಮೊನೆಯನ್ನೇ ಸಾಣೆಕಲ್ಲಿಗೆ ಉಜ್ಜಿ ದುಂಡಗೆ ಮಾಡಿದೆ. ಕಣ್ಣಿಗೆ ದುಂಡಗೇ ಇತ್ತು. ಕಣ್ಣಿಗೆ ಕಾಣದ ಒಂದು ಮುಳ್ಳು ಅದರಲ್ಲಿ ಉಳಿದಿತ್ತು. ಹೊಲಿದ ಉದ್ದಕ್ಕೂ ಅದು ಬಟ್ಟೆಯನ್ನು ಕಿತ್ತು ಕಿತ್ತು ತೆಗೆಯಿತು. ಮೊದಲ ಕಿಲೋ ಅಲ್ಲಿಗೆ ಮುಗಿಯಿತು. ಅಮ್ಮ ಅದನ್ನು ನೆಲ ಒರೆಸುವ ಬಟ್ಟೆ ಮಾಡಿಕೊಂಡಳು. ಒರೆಸಿದ ಕಡೆಯೆಲ್ಲ ನೀಲಿ.

ಪೊಂಗಲ್ಲಿಗೆ ಒಂಬತ್ತು ದಿನ ಉಳಿದಿತ್ತು. ಗುಡಿಮಂಗಲ, ಪಲ್ಲಡಂ ದಾಟಿ ತಿರುಪ್ಪೂರಿಗೆ ಬಸ್ಸು ಹತ್ತಿದೆ. ಅಣ್ಣನ ಬಾಡಿಗೆ ಮನೆ ಒಂದು ಲೈನ್ ಮನೆ. ಒಂದೇ ಸೂರಿನ ಕೆಳಗೆ ಸಾಲಾಗಿ ಹತ್ತು ಕೋಣೆ, ಹತ್ತೂ ಕೋಣೆಯವರು ಬನಿಯನ್ ಕಂಪನಿಯವರೇ. ಯಾರೋ ಓವರ್‌ಲಾಕ್, ಯಾರೋ ಫ್ಲಾಟ್‌ಲಾಕ್, ಯಾರೋ ಚೆಕಿಂಗ್, ಚಿಕ್ಕ ಹುಡುಗಿಯರು ಟೈಲರಿನ ಪಕ್ಕ ಕೂತು ತುಂಡು ಮಡಿಸಿ ಕೊಡುವ ಕೈಮಡಿ. ನಾಲ್ಕನೇ ಕೋಣೆಯ ಅಕ್ಕ ಪವರ್ ಟೇಬಲ್ ಟೈಲರ್, ದಿಂಡಿಗಲ್ ಕಡೆಯವರು. ರಾತ್ರಿ ಒಂಬತ್ತಕ್ಕೆ ಬಂದು, ಚಪ್ಪಲಿ ಬಿಡುತ್ತಲೇ ನನ್ನ ಕೈಯಲ್ಲಿದ್ದ ಹಾಳಾದ ಭುಜವನ್ನು ನೋಡಿದರು.

"ನೀನು ಎಳೀತೀಯ" ಅಂದರು ತಮಿಳಿನಲ್ಲಿ. ಇನ್ನೇನೂ ಕೇಳಲಿಲ್ಲ.

ಅನ್ನಕ್ಕೆ ಒಲೆ ಹೊತ್ತಿಸಿಕೊಂಡೇ ಹೇಳಿಕೊಟ್ಟರು. ಮೆಷಿನ್ನಿನ ತಲೆಯ ಮೇಲೆ ಇರುವ ತಿರುಪನ್ನು ಸಡಿಲಿಸು, ಫುಟ್ ಬಟ್ಟೆಯನ್ನು ಅದುಮಬಾರದು, ಮುಟ್ಟಿದರೆ ಸಾಕು. ಅದುಮಿದರೆ ಮೇಲಿನ ಪದರ ಮುಂದಕ್ಕೆ ಹರಿದು ಹೊಲಿಗೆ ಹಪ್ಪಳದ ಹಾಗೆ ಅಲೆಅಲೆಯಾಗುತ್ತದೆ. ಹತ್ತಿಯ ದಾರ ಬೇಡ, ಪಾಲಿಯೆಸ್ಟರ್ ಹಾಕು. ಬಟ್ಟೆ ಹಿಗ್ಗಿದಾಗ ಹತ್ತಿ ದಾರ ಟಪ್ಪೆಂದು ಕಡಿಯುತ್ತದೆ. ಹೊಲಿಗೆ ಸ್ವಲ್ಪ ಉದ್ದ ಇಡು. ಬಟ್ಟೆಯ ಕೆಳಗೆ ಪೇಪರಿನ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆ. ಭುಜಕ್ಕೆ ಟೇಪು ಕೊಡದೆ ಹೊಲಿಯಬೇಡ, ಮೈಭಾರಕ್ಕೆ ಭುಜ ಮೊಣಕೈಗೆ ಇಳಿಯುತ್ತದೆ. ಕತ್ತರಿಸುವ ಮೊದಲು ಬಟ್ಟೆಯನ್ನು ಸುರುಳಿ ಬಿಚ್ಚಿ ಒಂದು ರಾತ್ರಿ ಸುಮ್ಮನೆ ಬಿಡು. ಒಂದು ನೀರಿಗೂ ಹಾಕು.

ಅಷ್ಟು ಹೇಳಿ ನನ್ನ ಎರಡೂ ಕೈಯನ್ನು ಹಿಡಿದು ಮೇಜಿನ ಮೇಲೆ ಇಟ್ಟರು. ಮೇಜೆಂದರೆ ಮಡಿಸುವ ಕಬ್ಬಿಣದ ಸ್ಟೂಲು. ಒಂದು ಕೈ ಸೂಜಿಯ ಮುಂದೆ, ಒಂದು ಹಿಂದೆ. "ಮಗುವಿಗೆ ನಡೆಯೋದು ಕಲಿಸ್ತೀಯಲ್ಲ, ಹಾಗೆ. ಹಿಡಿದಿರು, ಎಳೀಬೇಡ." ಅವರ ಹೆಬ್ಬೆರಳ ತುದಿಯಲ್ಲಿ ಸೂಜಿ ಹಾದುಹೋದ ಹಳೆಯ ಗಾಯ ಇತ್ತು, ಉಗುರು ಎರಡು ಭಾಗವಾಗಿ ಬೆಳೆದಿತ್ತು. ದಿನಕ್ಕೆ ಎಷ್ಟು ಪೀಸ್ ಎಂದು ಕೇಳಿದೆ. ನಕ್ಕು ಸಾರಿಗೆ ಒಗ್ಗರಣೆ ಹಾಕಿದರು.

ಬೆಳಿಗ್ಗೆ ಮನೆ ಮೆಷಿನ್ನಿಗೆ ಹೊಂದುವ ಹದಿನಾಲ್ಕನೇ ನಂಬರಿನ ಬಾಲ್ ಪಾಯಿಂಟ್ ಸೂಜಿ ಎರಡು, ಕೈಗೂ ಸೊಂಟಕ್ಕೂ ರಿಬ್ ಬಟ್ಟೆ, ಕೆಳಗೆ ಪೂರಾ ಬಿಚ್ಚಿಕೊಳ್ಳುವ ಓಪನ್ ಎಂಡ್ ಜಿಪ್ಪು ತೆಗೆದುಕೊಂಡೆ. ಆ ಜಿಪ್ಪು ಉಡುಮಲೈಯಲ್ಲಿ ಸಿಕ್ಕಿರಲಿಲ್ಲ. ನಮ್ಮ ಅಂಗಡಿಯವರು ಪ್ಯಾಂಟಿನ ಜಿಪ್ಪು ತೋರಿಸಿ "ಇದನ್ನೇ ಎರಡು ಜೋಡಿಸಮ್ಮ" ಅಂದಿದ್ದರು. ಟೇಪು ಕೊಳ್ಳಲು ಮರೆತೆ. ಬಸ್ಸು ಪಲ್ಲಡಂ ದಾಟಿದ ಮೇಲೆ ನೆನಪಾಯಿತು.

ಎರಡನೇ ಕಿಲೋವನ್ನು ಒಂದು ರಾತ್ರಿ ಚಾಪೆಯ ಮೇಲೆ ಸುಮ್ಮನೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ಉದ್ದಕ್ಕೆ ಎರಡು ಬೆರಳು ಕುಗ್ಗಿತ್ತು. ಮಲಗಿ ಎದ್ದವರ ಹಾಗೆ ಮೈ ಸಡಿಲಿಸಿಕೊಂಡಿತ್ತು. ನೀರಿಗೆ ಹಾಕಲಿಲ್ಲ. ಮಾರ್ಗಳಿಯ ಮೋಡದಲ್ಲಿ ಒಣಗುವುದಿಲ್ಲವೆಂದು ಹೆದರಿದೆ. ಅದರ ಫಲ ಆಮೇಲೆ ಬಂತು, ಹೇಳುತ್ತೇನೆ.

ಈ ಸಲ ಎಲ್ಲ ತುಂಡಿನ ತಲೆಯೂ ಒಂದೇ ಕಡೆ. ತಮಿಳು ಪೇಪರನ್ನು ಪಟ್ಟಿಪಟ್ಟಿಯಾಗಿ ಸೀಳಿ ಬಟ್ಟೆಯ ಕೆಳಗಿಟ್ಟೆ. ಹೊಸ ಸೂಜಿ ಹಾಕಿ ಮೊದಲ ಹೊಲಿಗೆ ತುಳಿದೆ. ಟಕಟಕಟಕ ಎಂದು ಒಂದೂ ತಪ್ಪದೆ ಹೋಯಿತು. ನಾನು ಉಸಿರು ಬಿಟ್ಟದ್ದು ಮಗ್ಗದ ಗುಂಡಿಯವರೆಗೂ ಕೇಳಿಸಿರಬೇಕು. ಲಾಳಿ ಒಂದು ಗಳಿಗೆ ನಿಂತಿತು. ರಿಬ್ಬನ್ನು ತೋಳಿನ ಸುತ್ತಳತೆಗಿಂತ ಕಾಲು ಭಾಗ ಕಡಿಮೆ ಕತ್ತರಿಸಿ, ಅದನ್ನು ಮಾತ್ರ ಹಿಗ್ಗಿಸಿ, ತೋಳನ್ನು ಸುಮ್ಮನೆ ಬಿಟ್ಟು ಜೋಡಿಸಿದೆ. ಮಣಿಕಟ್ಟು ಗಪ್ಪನೆ ಹಿಡಿಯಿತು. ಟೋಪಿ, ಜೇಬು ಎಲ್ಲ ಬಂದವು. ಅದೆಲ್ಲ ಹೇಳುವಂಥದ್ದಲ್ಲ.

ಜಿಪ್ಪಿಗೆ ಬಂದಾಗ ಕೆಟ್ಟಿತು. ಜಿಪ್ಪು ಹಿಗ್ಗುವುದಿಲ್ಲ, ಬಟ್ಟೆ ಹಿಗ್ಗದೆ ಇರುವುದಿಲ್ಲ. ಕಚ್ಚಾ ಹೊಲಿಗೆ ಹಾಕಿಯೇ ಹೊಲಿದೆ, ಪೇಪರನ್ನೂ ಇಟ್ಟೆ. ಎತ್ತಿ ಹಿಡಿದರೆ ಎದೆಯ ಮೇಲೆ ಹಾವು ಹರಿದ ಹಾಗೆ ಜಿಪ್ಪು. ಬಿಚ್ಚಿದೆ. ಮತ್ತೆ ಹೊಲಿದೆ. ಮತ್ತೆ ಹಾವು. ಮೂರನೇ ಸಲ ಬಿಚ್ಚಿದಾಗ ಬಟ್ಟೆಯ ಅಂಚು ನಾಯಿಯ ನಾಲಿಗೆಯ ಹಾಗೆ ಜೋತುಬಿದ್ದಿತ್ತು. ಭುಜವನ್ನಂತೂ ಟೇಪಿಲ್ಲದೆ ಮುಟ್ಟುವ ಧೈರ್ಯವೇ ಇರಲಿಲ್ಲ. ರಾತ್ರಿ ಹನ್ನೊಂದು ಆಗಿತ್ತು. ಮೆಷಿನ್ನಿನ ಮೇಲೆ ತಲೆಯಿಟ್ಟು ಕೂತೆ.

ಅಪ್ಪ ಗುಂಡಿಯಿಂದ ಎದ್ದು ಬಂದರು. ಜಿಪ್ಪನ್ನು ನೋಡಿದರು, ಬಟ್ಟೆಯ ತುದಿಯನ್ನು ಎರಡು ಬೆರಳಲ್ಲಿ ಎಳೆದು ನೋಡಿದರು. ಒಳಗೆ ಹೋಗಿ ಟ್ರಂಕು ತೆಗೆದ ಸದ್ದು ಕೇಳಿತು. ತಂದದ್ದು ಒಂದು ಹತ್ತಿ ಸೀರೆ, ಅರಗಿನ ಬಣ್ಣದ ಅಂಚಿನದು. ಹೊಕ್ಕಿನಲ್ಲಿ ಒಂದು ಕಡೆ ಎಳೆ ತಪ್ಪಿದೆ ಎಂದು ಎಂದೋ ವಾಪಸು ಬಂದದ್ದು. ಅಮ್ಮನೂ ಉಡದೆ ಇಟ್ಟಿದ್ದಳು. ನನ್ನ ಕತ್ತರಿ ತೆಗೆದುಕೊಂಡು, ಅಂಚಿನ ಪಕ್ಕಕ್ಕೆ ಒಂದು ಕಚ್ಚು ಕೊಟ್ಟು, ಸರ್ರನೆ ಉದ್ದಕ್ಕೂ ಸೀಳಿದರು. ಅರ್ಧ ಇಂಚಿನ ಪಟ್ಟಿ. ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತಾವು ಹಿಡಿದು, "ಎಳಿ" ಅಂದರು. ಎಳೆದೆ. ಅದು ಕೂದಲೆಳೆಯಷ್ಟೂ ಹಿಗ್ಗಲಿಲ್ಲ. ಅಂಚಿನಲ್ಲಿ ಹಾಸಿನ ಎಳೆ ಒತ್ತೊತ್ತಾಗಿ ಇರುತ್ತದೆ, ಮಗ್ಗದ ಬಿಗಿಯೆಲ್ಲ ಅಲ್ಲೇ ನಿಲ್ಲುವುದು.

"ಇದನ್ನ ಒಳಗಡೆ ಕೊಡು. ಭುಜಕ್ಕೂ, ಇಲ್ಲಿಗೂ" ಎಂದರು. ಜರ್ಕಿನ್ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೊನೆಯವರೆಗೂ ಕೇಳಲಿಲ್ಲ. ಕೈ ತೊಳೆದು ಮಲಗಿದರು. ಸೀರೆಯ ಉಳಿದ ಭಾಗವನ್ನು ಅಮ್ಮ ಬೆಳಿಗ್ಗೆ ನೋಡಿ ಆಡಿದ ಮಾತು ಇಲ್ಲಿ ಬೇಡ.

ಪಟ್ಟಿ ಕೊಟ್ಟು ಹೊಲಿದೆ. ಜಿಪ್ಪು ಒಳ್ಳೆಯ ರೈಲು ಹಳಿಯ ಹಾಗೆ ನಿಂತಿತು.

ಮಾಟ್ಟುಪ್ಪೊಂಗಲ್ ಕಳೆದ ಮಾರನೆ ದಿನ ತಮ್ಮ ಬಸ್ಸು ಹತ್ತಿದ. ಉಡುಮಲೈಯ ಬಿಸಿಲಿಗೆ ಅದನ್ನು ಹಾಕಿಕೊಂಡೇ ನಿಂತಿದ್ದ, ಬೆವರು ಇಳಿಯುತ್ತಿತ್ತು. ರವಿಕೆಯೆಂದು ಆಡಿಕೊಂಡ ಗೆಳೆಯರೆಲ್ಲ ಬಸ್ ಸ್ಟ್ಯಾಂಡಿಗೆ ಬಂದಿದ್ದರಲ್ಲ, ಅವರಿಗೆ ಕಾಣಬೇಕು. ತಿಂಗಳಾದ ಮೇಲೆ ಒಂದು ಇನ್‌ಲ್ಯಾಂಡ್ ಕಾಗದ ಬಂತು. ಚಳಿ ತಡೆಯುತ್ತದೆ, ಇಲ್ಲಿಯವರು ಎಲ್ಲಿ ಕೊಂಡೆ ಎಂದು ಕೇಳುತ್ತಾರೆ, ಆದರೆ ಅಕ್ಕ, ಒಗೆದ ಮೇಲೆ ಪಕ್ಕದ ಹೊಲಿಗೆ ಸುತ್ತಿಕೊಂಡು ಹೊಟ್ಟೆಯ ಮೇಲೆ ಬಂದಿದೆ, ನಾನು ವಕ್ರವಾಗಿ ನಿಂತ ಹಾಗೆ ಕಾಣುತ್ತೇನೆ, ಎಂದು ಬರೆದಿದ್ದ. ದುಂಡು ಯಂತ್ರದಲ್ಲಿ ಹೆಣೆದ ಬಟ್ಟೆಯ ಸಾಲುಗಳು ನೆಟ್ಟಗಿರುವುದಿಲ್ಲ, ಸ್ವಲ್ಪ ಓರೆ. ನೂಲಿಗೂ ತನ್ನದೇ ತಿರು ಇರುತ್ತದೆ. ಮೊದಲ ನೀರು ಬಿದ್ದಾಗ ಎರಡೂ ತಮ್ಮ ನಿಜವಾದ ದಿಕ್ಕಿಗೆ ತಿರುಗಿಕೊಳ್ಳುತ್ತವೆ. ನಾಲ್ಕನೇ ಕೋಣೆಯ ಅಕ್ಕ ಹೇಳಿದ್ದ ಒಂದು ನೀರನ್ನು ನಾನು ಉಳಿಸಿದ್ದೆನಲ್ಲ, ಅದು.

"ಹನ್ನೊಂದು ವರ್ಷ ಹಾಕ್ದೆ" ಎಂದ ತಮ್ಮ, ತಿಣ್ಣೆಯಿಂದ ಇಳಿದು ಬೆಂಕಿಯ ಹತ್ತಿರ ಬರುತ್ತ. "ಎಡಗಡೆ ಜೇಬು ಕೈ ಹಾಕಿದಾಗೆಲ್ಲ ಪರಪರ ಅನ್ನೋದು. ಏನಿಟ್ಟಿದ್ದೆ ಒಳಗೆ?"

"ಪೇಪರ್. ಹರಿದು ತೆಗೆಯೋದು ಮರೆತಿದ್ದೆ."

ಹುಡುಗಿ ಅಷ್ಟರಲ್ಲಿ ಜರ್ಕಿನ್ನನ್ನು ಒಳಹೊರಗು ಮಾಡಿದ್ದಳು. ಹೊರಮೈ ಬಿಸಿಲಿಗೂ ಸೋಪಿಗೂ ಬೂದಿಬಣ್ಣವಾಗಿತ್ತು. ಇಲಿ ಟೋಪಿಯನ್ನು ಅರ್ಧ ತಿಂದಿತ್ತು. ಒಳಗೆ ಎರಡೂ ಭುಜದ ಮೇಲೆ, ಜಿಪ್ಪಿನ ಎರಡು ಬದಿಗೆ, ಅರಗಿನ ಬಣ್ಣ ಬೆಂಕಿಯ ಬೆಳಕಿನಲ್ಲಿ ನೆನ್ನೆ ಬಣ್ಣಕ್ಕೆ ಅದ್ದಿದ ಹಾಗೆ ಇತ್ತು.

"ಇದೇನು?" ಎಂದ ತಮ್ಮ. ಹನ್ನೊಂದು ಚಳಿಗಾಲ ಮೈಮೇಲೆ ಹಾಕಿಕೊಂಡವನು ಒಂದು ದಿನವೂ ಒಳಗೆ ನೋಡಿರಲಿಲ್ಲ. ಗಂಡಸರು.

ನಾನು ಹೇಳಲಿಲ್ಲ. ಅವನು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದ. ಹೆಬ್ಬೆರಳಿನ ಉಗುರನ್ನು ಎಳೆಗಳ ಮೇಲೆ ಅಡ್ಡ ಇಟ್ಟು, ನಮ್ಮ ಬೀದಿಯ ಮಕ್ಕಳೆಲ್ಲ ಚಿಕ್ಕಂದಿನಲ್ಲಿ ಕಲಿತ ಹಾಗೆ, ತುಟಿ ಆಡಿಸುತ್ತ ಎಣಿಸಿದ. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದ.

"ಎಂಬತ್ತನೇ ನಂಬರ್ ನೂಲು" ಎಂದ. "ನಮ್ಮ ಮಗ್ಗದ್ದು."

ಚಾಪೆ ಉರಿದು ಮುಗಿದಿತ್ತು. ಹಂಡೆಯ ನೀರು ಕುದಿಯುವ ಸದ್ದು ಬರುತ್ತಿತ್ತು. ತಮ್ಮನ ಮಗ ಪೊರಕೆಯನ್ನು ಎತ್ತಿ ಹಿಡಿದು, "ಹಾಗಾದ್ರೆ ಇದನ್ನಾದ್ರೂ ಹಾಕ್ಲಾ?" ಎಂದು ಕೇಳಿದ.